ಎಲ್‌ವ್ಯಾಲ್ಯೂ ಅಂದವರು ಯಾರು? ಕ್ರಿಸ್ಟೋಫರ್ ಸ್ಟ್ರೇಚಿ ಎಂಬ ಸ್ಕೂಲ್ ಮೇಷ್ಟ್ರ ಕತೆ

ಸಿ ಲ್ಯಾಬಿನಲ್ಲಿ ಕೂತು ಬೈಸಿಕೊಳ್ಳದವರು ನಮ್ಮಲ್ಲಿ ಯಾರೂ ಇಲ್ಲ. ಮೇಷ್ಟ್ರ ಕೈಲಿ ಅಲ್ಲ, ಕಂಪೈಲರ್ ಕೈಲಿ. ಈಕ್ವಲ್ ಟು ಚಿಹ್ನೆಯ ಎಡಗಡೆ ತಪ್ಪಿ 5 ಅಂತ ಬರೆದು ಬಲಗಡೆ ಎಕ್ಸ್ ಬರೆದರೆ ಸಾಕು, ಎಲ್‌ವ್ಯಾಲ್ಯೂ ರಿಕ್ವೈರ್ಡ್ ಅಂತ ಎರರ್ ಬರುತ್ತೆ. ಮೊದಲ ಸೆಮ್‌ನಲ್ಲಿ ನಾವೂ ಅದನ್ನ ನೋಡಿ ಪಕ್ಕದವರ ಮುಖ ನೋಡಿದ್ದೆವು. ಅವರು ನಮ್ಮ ಮುಖ ನೋಡಿದ್ದರು. ಆಮೇಲೆ ಎಡ ಬಲ ಅದಲುಬದಲು ಮಾಡಿ, ರನ್ ಆಯ್ತು ಅಂತ ರೆಕಾರ್ಡ್ ಬರೆದು ಮುಂದೆ ಹೋದೆವು. ಈ ಎಲ್‌ವ್ಯಾಲ್ಯೂ ಅನ್ನೋ ವಿಚಿತ್ರ ಪದ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ, ವೈವಾದಲ್ಲೂ ಯಾರೂ ನಮ್ಮನ್ನ ಕೇಳಲಿಲ್ಲ.

ಈ ಸಲದ ಸಂಚಿಕೆಗೆ ನಾವು ಆರಿಸಿಕೊಂಡಿರೋದು ಆ ಪದವನ್ನು ಬಳಕೆಗೆ ತಂದ ಮನುಷ್ಯನ ಜೀವನ. ಅಷ್ಟೇ ಅಲ್ಲ. ಟೆಂಪ್ಲೇಟ್, ಓವರ್‌ಲೋಡಿಂಗ್, ಪಾಲಿಮಾರ್ಫಿಸಂ ಅಂತ ನಾವು ಸಿ ಪ್ಲಸ್ ಪ್ಲಸ್ ಪೇಪರ್‌ಗೆ ಬಾಯಿಪಾಠ ಮಾಡ್ತೀವಲ್ಲ, ಆ ಪಾಲಿಮಾರ್ಫಿಸಂ ಅನ್ನು ಎರಡು ಜಾತಿಯಾಗಿ ಮೊದಲು ವಿಂಗಡಿಸಿ ಹೆಸರಿಟ್ಟವರೂ ಇವರೇ. ಹೆಸರು ಕ್ರಿಸ್ಟೋಫರ್ ಸ್ಟ್ರೇಚಿ. ತೀರಿಕೊಂಡದ್ದು 1975ರಲ್ಲಿ. ಪಿಎಚ್‌ಡಿ ಇರಲಿಲ್ಲ. ಡಿಗ್ರಿಯಲ್ಲಿ ಬಂದದ್ದು ಸೆಕೆಂಡ್ ಕ್ಲಾಸು, ಅದೂ ಕೆಳಗಿನ ಸೆಕೆಂಡ್ ಕ್ಲಾಸು.

ದೊಡ್ಡ ಮನೆ, ಸಾಧಾರಣ ಮಾರ್ಕ್ಸು

ಸ್ಟ್ರೇಚಿ ಹುಟ್ಟಿದ್ದು 1916ರ ನವೆಂಬರ್ 16ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ಮನೆತನ ದೊಡ್ಡದು. ಅಜ್ಜ ಸರ್ ರಿಚರ್ಡ್ ಸ್ಟ್ರೇಚಿ ಬ್ರಿಟಿಷರ ಕಾಲದ ಭಾರತದಲ್ಲಿ ಎಂಜಿನಿಯರ್ ಆಗಿ, ಲೋಕೋಪಯೋಗಿ ಮತ್ತು ನೀರಾವರಿ ಕೆಲಸಗಳ ದೊಡ್ಡ ಅಧಿಕಾರಿಯಾಗಿದ್ದವರು. ಅಪ್ಪ ಆಲಿವರ್ ಸ್ಟ್ರೇಚಿ ಕೂಡ ಕೆಲವು ಕಾಲ ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ದುಡಿದು, ಆಮೇಲೆ ಎರಡೂ ಮಹಾಯುದ್ಧಗಳಲ್ಲಿ ಶತ್ರುಗಳ ಗುಪ್ತ ಸಂದೇಶ ಬಿಡಿಸುವ ಕೆಲಸ ಮಾಡಿದವರು. ತಾಯಿ ರೇ ಸ್ಟ್ರೇಚಿ ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿದವರಲ್ಲಿ ಮುಖ್ಯರು. ಚಿಕ್ಕಪ್ಪ ಲಿಟನ್ ಸ್ಟ್ರೇಚಿ ಹೆಸರಾಂತ ಲೇಖಕ. ಇಂಥ ಮನೆಯ ಹುಡುಗ ಅಂದ ಮೇಲೆ ಎಲ್ಲರ ಕಣ್ಣೂ ಮೇಲೇ ಇರುತ್ತೆ. ನಮ್ಮಲ್ಲೂ ಅಷ್ಟೇ ಅಲ್ವಾ, ಅಪ್ಪ ಅಮ್ಮ ಇಬ್ಬರೂ ಲೆಕ್ಚರರ್ ಆದವರ ಮಕ್ಕಳ ಪಾಡು ಕೇಳಿ ನೋಡಿ.

ಗ್ರೆಶಮ್ಸ್ ಸ್ಕೂಲಿನಲ್ಲಿ ಓದಿ 1935ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಸೇರಿದರು. ಆ ಹೊತ್ತಿಗೆ ಅದೇ ಕಾಲೇಜಿನಲ್ಲಿ ಅಲನ್ ಟ್ಯೂರಿಂಗ್ ಇದ್ದರು, ಪರಿಚಯವೂ ಆಯಿತು. ಆದರೆ ಸ್ಟ್ರೇಚಿಗೆ ಓದಿಗಿಂತ ಬೇರೆ ಬೇರೆ ವಿಷಯಗಳ ಮೇಲೆ ಆಸೆ ಜಾಸ್ತಿ. ಗಣಿತ ಅಂತ ಶುರು ಮಾಡಿದವರು ವಿಜ್ಞಾನದ ಕಡೆ ಬದಲಾಯಿಸಿಕೊಂಡರು. ಮೂರನೇ ವರ್ಷದ ಕೊನೆಗೆ ಮನಸ್ಸು ಪೂರ್ತಿ ಕುಸಿದುಬಿತ್ತು, ಓದು ನಿಲ್ಲಿಸಬೇಕಾಯಿತು. ಸ್ವಲ್ಪ ಸುಧಾರಿಸಿಕೊಂಡು ಬಂದು ಪರೀಕ್ಷೆ ಕಟ್ಟಿ 1939ರಲ್ಲಿ ಡಿಗ್ರಿ ಪಡೆದರು. ರಿಸರ್ಚ್ ಮಾಡಬೇಕು ಅಂತ ಆಸೆ ಇತ್ತು. ಆ ಮಾರ್ಕ್ಸಿಗೆ ಸೀಟು ಸಿಗಲಿಲ್ಲ.

ಯುದ್ಧದ ವರ್ಷಗಳನ್ನು ಸ್ಟ್ಯಾಂಡರ್ಡ್ ಟೆಲಿಫೋನ್ಸ್ ಅಂಡ್ ಕೇಬಲ್ಸ್ ಎಂಬ ಕಂಪನಿಯಲ್ಲಿ ರೇಡಿಯೋ ವಾಲ್ವ್‌ಗಳ ಲೆಕ್ಕ ಹಾಕುತ್ತಾ ಕಳೆದರು. ಲೆಕ್ಕಕ್ಕೆ ಡಿಫರೆನ್ಷಿಯಲ್ ಅನಲೈಸರ್ ಎಂಬ ಯಂತ್ರ ಬಳಸಬೇಕಿತ್ತು. ಲೆಕ್ಕ ಮಾಡುವ ಯಂತ್ರದ ರುಚಿ ಹತ್ತಿದ್ದು ಅಲ್ಲಿ. ಯುದ್ಧ ಮುಗಿದ ಮೇಲೆ ಮೇಷ್ಟ್ರಾದರು. ಮೊದಲು ಕ್ಯಾಂಟರ್ಬರಿಯ ಒಂದು ಸ್ಕೂಲು, 1949ರಿಂದ ಹ್ಯಾರೋ ಸ್ಕೂಲು. ವಯಸ್ಸು 30 ದಾಟಿತ್ತು. ನೋಡುವವರಿಗೆ ಅವರ ಕತೆ ಅಲ್ಲಿಗೆ ಮುಗಿದಿತ್ತು: ಒಳ್ಳೆ ಮನೆತನದ, ಬುದ್ಧಿ ಇದ್ದೂ ದಡ ಹತ್ತದ ಸ್ಕೂಲ್ ಮೇಷ್ಟ್ರು.

ಒಂದು ರಜೆಯ ದಿನ

1951ರ ಜನವರಿ. ಕ್ರಿಸ್‌ಮಸ್ ರಜೆ ಇನ್ನೂ ಮುಗಿದಿರಲಿಲ್ಲ. ಸ್ನೇಹಿತರೊಬ್ಬರ ಪರಿಚಯದ ಮೇಲೆ ಸ್ಟ್ರೇಚಿ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಗೆ ಹೋಗಿ ಒಂದು ದಿನ ಪೈಲಟ್ ಏಸ್ ಎಂಬ ಕಂಪ್ಯೂಟರನ್ನು ನೋಡಿದರು. ಮನೆಗೆ ವಾಪಸ್ ಬಂದವರೇ ಡ್ರಾಫ್ಟ್ಸ್ ಆಟ, ಅಂದರೆ ನಾವು ಚೆಕರ್ಸ್ ಅನ್ನೋ ಆಟವನ್ನು, ಆ ಯಂತ್ರ ಆಡುವಂತೆ ಪ್ರೋಗ್ರಾಂ ಬರೆಯಲು ಕೂತರು. ಯಾರೂ ಹೇಳಿರಲಿಲ್ಲ, ಸಂಬಳ ಇರಲಿಲ್ಲ, ಸ್ಕೂಲಿನ ಪಾಠ ಮುಗಿಸಿ ರಾತ್ರಿ ಕೂತು ಬರೆಯೋದು. ಪೈಲಟ್ ಏಸ್‌ನಲ್ಲಿ ಅದು ಸರಿಯಾಗಿ ಓಡಲಿಲ್ಲ.

ಅಷ್ಟರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇನ್ನೂ ದೊಡ್ಡ ಮೆಮೊರಿಯ ಫೆರಾಂಟಿ ಮಾರ್ಕ್ 1 ಬಂದಿತ್ತು. ಟ್ಯೂರಿಂಗ್ ಅಲ್ಲೇ ಇದ್ದರು. ಹಳೇ ಪರಿಚಯದ ಮೇಲೆ ಸ್ಟ್ರೇಚಿ ಆ ಯಂತ್ರದ ಕೈಪಿಡಿ ತರಿಸಿಕೊಂಡು ಓದಿದರು. ಟ್ಯೂರಿಂಗ್ ಒಂದು ಕೆಲಸ ಸೂಚಿಸಿದರು: ಯಂತ್ರ ತನ್ನನ್ನು ತಾನೇ ಅನುಕರಿಸಿ, ಬೇರೆ ಪ್ರೋಗ್ರಾಂ ಹೆಜ್ಜೆ ಹೆಜ್ಜೆಗೂ ಏನು ಮಾಡುತ್ತಿದೆ ಅಂತ ತೋರಿಸಬೇಕು. ಇವತ್ತಿನ ಡಿಬಗರ್‌ನ ಅಜ್ಜ ಅಂದುಕೊಳ್ಳಿ. ಸ್ಟ್ರೇಚಿ ಸಾವಿರಕ್ಕೂ ಹೆಚ್ಚು ಇನ್‌ಸ್ಟ್ರಕ್ಷನ್ ಇದ್ದ ಪ್ರೋಗ್ರಾಂ ಬರೆದುಕೊಂಡು ಮ್ಯಾಂಚೆಸ್ಟರ್‌ಗೆ ಹೋದರು. ಆ ಯಂತ್ರದ ಮೇಲೆ ಅಲ್ಲಿಯವರೆಗೆ ಅಷ್ಟು ಉದ್ದದ್ದು ಯಾರೂ ಓಡಿಸಿರಲಿಲ್ಲ. ರಾತ್ರಿಯಿಡೀ ಒಬ್ಬರೇ ಕೂತರು. ಬೆಳಗಾಗುವಷ್ಟರಲ್ಲಿ ಪ್ರೋಗ್ರಾಂ ಓಡಿತು, ಓಡಿ ಮುಗಿದ ಮೇಲೆ ಯಂತ್ರದ ಸ್ಪೀಕರಿನಿಂದ ಬ್ರಿಟನ್ನಿನ ರಾಷ್ಟ್ರಗೀತೆ ಕೇಳಿಸಿತು! ಯಂತ್ರಕ್ಕೆ ಎಚ್ಚರಿಕೆ ಕೊಡಲು ಇದ್ದ ಪೀಂ ಸದ್ದನ್ನು ಇವರು ಸ್ವರ ಮಾಡಿಕೊಂಡಿದ್ದರು. ಆ ವರ್ಷವೇ ಬಿಬಿಸಿಯವರು ಬಂದು ಆ ಯಂತ್ರದ ಸಂಗೀತ ರೆಕಾರ್ಡ್ ಮಾಡಿಕೊಂಡರು. ಆ ಮುದ್ರಿಕೆಯನ್ನು 2016ರಲ್ಲಿ ಶುದ್ಧ ಮಾಡಿ ಮತ್ತೆ ಕೇಳುವಂತೆ ಮಾಡಿದ್ದಾರೆ.

1952ರಲ್ಲಿ ಡ್ರಾಫ್ಟ್ಸ್ ಆಟವೂ ಸರಿಯಾಗಿ ಆಡಿತು. ಅದೇ ವರ್ಷ ತಮಾಷೆಗೆ ಪ್ರೇಮಪತ್ರ ಬರೆಯುವ ಪ್ರೋಗ್ರಾಂ ಮಾಡಿದರು. ಪದಗಳ ಪಟ್ಟಿಯಿಂದ ರ‍್ಯಾಂಡಮ್ ಆಗಿ ಎತ್ತಿ ವಾಕ್ಯ ಕಟ್ಟಿ, ಕೆಳಗೆ ಮ್ಯಾಂಚೆಸ್ಟರ್ ಯೂನಿವರ್ಸಿಟಿ ಕಂಪ್ಯೂಟರ್ ಅನ್ನೋದರ ಮೂರು ಅಕ್ಷರದ ಸಹಿ. ಚಾಟ್‌ಬಾಟ್ ಕೈಲಿ ಪತ್ರ ಬರೆಸಿ ಪ್ರಪೋಸ್ ಮಾಡುವ ನಮ್ಮ ಕೆಲವು ಸ್ನೇಹಿತರಿಗೆ ಇದು ಸಮರ್ಪಣೆ.

ಮೇಷ್ಟ್ರ ಕೆಲಸ ಅಲ್ಲಿಗೆ ಮುಗಿಯಿತು. 1952ರಲ್ಲಿ ನ್ಯಾಷನಲ್ ರಿಸರ್ಚ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಕರೆದು ಕೆಲಸ ಕೊಟ್ಟಿತು. ಕೆನಡಾದಲ್ಲಿ ಸೇಂಟ್ ಲಾರೆನ್ಸ್ ನದಿಯ ಹಡಗು ಮಾರ್ಗದ ಲೆಕ್ಕಗಳನ್ನು ಟೊರೊಂಟೊದ ಕಂಪ್ಯೂಟರಿನಲ್ಲಿ ಮಾಡಿದರು. ಪೆಗಸಸ್ ಎಂಬ ಕಂಪ್ಯೂಟರಿನ ವಿನ್ಯಾಸದಲ್ಲಿ ದೊಡ್ಡ ಪಾಲು ಇವರದು. 1959ರಲ್ಲಿ ಟೈಮ್ ಶೇರಿಂಗ್ ಬಗ್ಗೆ ಪೇಪರ್ ಓದಿದರು. ಅದೇ ವರ್ಷ ಕೆಲಸ ಬಿಟ್ಟು ಸ್ವಂತ ಸಲಹೆಗಾರರಾದರು. ಕನ್ಸಲ್ಟನ್ಸಿಯಿಂದ ಬಂದ ದುಡ್ಡಲ್ಲಿ ಪೀಟರ್ ಲ್ಯಾಂಡಿನ್ ಎಂಬ ತರುಣನಿಗೆ ಸಂಬಳ ಕೊಟ್ಟು ಇಟ್ಟುಕೊಂಡರು. ಲ್ಯಾಂಡಿನ್ ಮಾಡಿದ್ದು ಕಂಪನಿಯ ಕೆಲಸಕ್ಕಿಂತ ಹೆಚ್ಚಾಗಿ ಪ್ರೋಗ್ರಾಮಿಂಗ್ ಭಾಷೆಗಳ ಗಣಿತದ ಅಧ್ಯಯನ. ತಮಗೆ ಒಂದು ಕಾಲದಲ್ಲಿ ಸಿಗದ ರಿಸರ್ಚ್ ಸೀಟನ್ನು ಸ್ಟ್ರೇಚಿ ತಮ್ಮ ಮನೆಯಲ್ಲೇ ಇನ್ನೊಬ್ಬರಿಗೆ ಕೊಟ್ಟ ಹಾಗಿತ್ತು ಅದು.

ಮುಗಿಯದ ಭಾಷೆ

1962ರಲ್ಲಿ ಕೇಂಬ್ರಿಜ್‌ಗೆ ವಾಪಸ್ ಹೋದರು, ಈ ಸಲ ಪಾಠ ಹೇಳಿಸಿಕೊಳ್ಳೋಕಲ್ಲ, ಹೊಸ ಭಾಷೆ ಕಟ್ಟೋಕೆ. ಹೆಸರು ಸಿಪಿಎಲ್. ಕೇಂಬ್ರಿಜ್ ಮತ್ತು ಲಂಡನ್ ಎರಡೂ ವಿಶ್ವವಿದ್ಯಾಲಯಗಳು ಕೂಡಿ ಮಾಡಿದ ಭಾಷೆ. ಎಲ್ಲ ಥರದ ಕೆಲಸಕ್ಕೂ ಒಂದೇ ಭಾಷೆ ಸಾಕಾಗಬೇಕು ಅನ್ನೋ ಹಂಬಲ. ಭಾಷೆ ದೊಡ್ಡದಾಯಿತು, ಕಂಪೈಲರ್ ತಡವಾಯಿತು. ಸ್ಟ್ರೇಚಿಯವರಿಗೆ ಪ್ರತಿಯೊಂದೂ ನಿಖರವಾಗಿ ಇರಬೇಕು, ಅರೆಬರೆ ಒಪ್ಪುವವರಲ್ಲ. ಕೊನೆಗೆ ಸಿಪಿಎಲ್ ಪೂರ್ತಿಯಾಗಿ ಬಳಕೆಗೆ ಬರಲೇ ಇಲ್ಲ.

ಆದರೆ ಅದರ ವಂಶ ನೋಡಿ. ತಂಡದಲ್ಲಿದ್ದ ಮಾರ್ಟಿನ್ ರಿಚರ್ಡ್ಸ್ ಅದನ್ನು ತೀರಾ ಚಿಕ್ಕದು ಮಾಡಿ 1967ರಲ್ಲಿ ಬಿಸಿಪಿಎಲ್ ಮಾಡಿದರು. ಅದನ್ನು ಇನ್ನೂ ಹಿಂಡಿ ಕೆನ್ ಥಾಂಪ್ಸನ್ ಬಿ ಮಾಡಿದರು. ಬಿ ಇಂದ ಡೆನಿಸ್ ರಿಚಿ ಸಿ ಮಾಡಿದರು. ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡುವಾಗ ಬಿಸಿಪಿಎಲ್‌ನಲ್ಲಿ ಪ್ರೋಗ್ರಾಂ ಬರೆದು ಒದ್ದಾಡಿದ ಬ್ಯಾರ್ನೆ ಸ್ಟ್ರಾಸ್ಟ್ರಪ್ ಮುಂದೆ ಸಿ ಪ್ಲಸ್ ಪ್ಲಸ್ ಮಾಡಿದರು. ಅಂದರೆ ಮುಗಿಯದೇ ಹೋದ ಆ ಪ್ರಾಜೆಕ್ಟಿನ ಮರಿಮಕ್ಕಳೇ ಇವತ್ತು ನಮ್ಮ ಸಿಲಬಸ್ಸು.

1967ರ ಕೋಪನ್‌ಹೇಗನ್

1966ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ರೋಗ್ರಾಮಿಂಗ್ ರಿಸರ್ಚ್ ಗ್ರೂಪ್ ಶುರುವಾಯಿತು, ಸ್ಟ್ರೇಚಿ ಅದರ ಮುಖ್ಯಸ್ಥರು. ಮರುವರ್ಷ ಆಗಸ್ಟ್‌ನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನಡೆದ ಬೇಸಿಗೆ ಶಾಲೆಯಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಮೂಲ ಕಲ್ಪನೆಗಳ ಬಗ್ಗೆ ಪಾಠ ಮಾಡಿದರು. ನಾವು ಇಡೀ ಲೇಖನ ಬರೆಯಲು ಹೊರಟದ್ದು ಈ ಪಾಠಕ್ಕೋಸ್ಕರ.

ಎಲ್‌ವ್ಯಾಲ್ಯೂ ಇದ್ದದ್ದು ಅಲ್ಲಿ. ಎಕ್ಸ್ ಅನ್ನೋ ಹೆಸರು ಈಕ್ವಲ್ ಟು ಎಡಗಡೆ ಬಂದರೆ ಮೆಮೊರಿಯ ಜಾಗ, ಬಲಗಡೆ ಬಂದರೆ ಆ ಜಾಗದಲ್ಲಿರುವ ಬೆಲೆ. ಹೆಸರು ಒಂದೇ, ಅರ್ಥ ಎರಡು. ಎಡಗಡೆಯದು ಎಲ್, ಬಲಗಡೆಯದು ಆರ್. 5 ಅನ್ನೋದಕ್ಕೆ ಬೆಲೆ ಇದೆ, ಜಾಗ ಇಲ್ಲ. ಅದಕ್ಕೇ ನಮ್ಮ ಲ್ಯಾಬಿನ ಎರರ್.

ಅದೇ ಪಾಠದಲ್ಲಿ ಪಾಲಿಮಾರ್ಫಿಸಂನ ಎರಡು ಜಾತಿಯೂ ಬಂತು. ಕೂಡಿಸುವ ಪ್ಲಸ್ ಚಿಹ್ನೆ ತಗೊಳ್ಳಿ. ಇಂಟ್‌ಗೂ ಅದೇ ಚಿಹ್ನೆ, ಫ್ಲೋಟ್‌ಗೂ ಅದೇ ಚಿಹ್ನೆ. ಆದರೆ ಒಳಗೆ ಯಂತ್ರ ಮಾಡುವ ಕೆಲಸ ಬೇರೆ ಬೇರೆ, ಒಂದೊಂದು ಟೈಪಿಗೂ ಒಂದೊಂದು ಕೋಡ್. ಇದನ್ನು ಅವರು ಅಡ್‌ಹಾಕ್ ಪಾಲಿಮಾರ್ಫಿಸಂ ಅಂದರು. ನಮ್ಮ ಓವರ್‌ಲೋಡಿಂಗ್ ಇದೇ. ಇನ್ನೊಂದು ಕಡೆ, ಒಂದು ಲಿಸ್ಟಿನ ಪ್ರತಿ ಅಂಶಕ್ಕೂ ಯಾವುದೋ ಒಂದು ಫಂಕ್ಷನ್ ಹಚ್ಚುವ ಮ್ಯಾಪ್ ತಗೊಳ್ಳಿ. ಲಿಸ್ಟಿನಲ್ಲಿ ಅಂಕಿ ಇರಲಿ, ಅಕ್ಷರ ಇರಲಿ, ಮ್ಯಾಪ್ ಮಾಡುವ ಕೆಲಸ ಬದಲಾಗಲ್ಲ. ಟೈಪ್ ಅನ್ನೋದೇ ಒಂದು ಪ್ಯಾರಾಮೀಟರ್. ಇದು ಪ್ಯಾರಾಮೆಟ್ರಿಕ್ ಪಾಲಿಮಾರ್ಫಿಸಂ. ನಮ್ಮ ಟೆಂಪ್ಲೇಟ್, ಜಾವಾದ ಜೆನೆರಿಕ್ಸ್ ಎಲ್ಲ ಈ ಕಡೆಯವು.

ಒಬ್ಬ ಟೈಲರ್ ಅಳತೆ ತಗೊಂಡು ಹೊಲಿಯುತ್ತಾನೆ, ಇನ್ನೊಬ್ಬ ಎಲ್ಲರಿಗೂ ಆಗುವ ಲುಂಗಿ ಮಾರುತ್ತಾನೆ. ಎರಡೂ ಬಟ್ಟೆಯೇ. ಎರಡೂ ಬೇಕು.

ಎರಡೂ ಒಟ್ಟಿಗೆ ಬಂದಾಗ

ಸ್ಟ್ರೇಚಿ ಬೇರೆ ಬೇರೆ ಮಾಡಿ ತೋರಿಸಿದ ಈ ಎರಡನ್ನೂ ಮುಂದೆ ಸಿ ಪ್ಲಸ್ ಪ್ಲಸ್ ಒಂದೇ ಮನೆಗೆ ತಂದಿತು. ಒಂದೇ ಹೆಸರಿನಲ್ಲಿ ಒಂದು ಟೆಂಪ್ಲೇಟೂ ಇರಬಹುದು, ಒಂದು ನಿರ್ದಿಷ್ಟ ಫಂಕ್ಷನ್ನೂ ಇರಬಹುದು. ಕರೆದಾಗ ಯಾರು ಬರಬೇಕು? ಇದು ಪರೀಕ್ಷೆಯಲ್ಲೂ ಇಂಟರ್‌ವ್ಯೂನಲ್ಲೂ ಕೇಳುವ ಪ್ರಶ್ನೆ, ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಹಾಸ್ಟೆಲ್ ನೋಟಿಸ್ ಬೋರ್ಡ್ ನೆನಪಿಸಿಕೊಳ್ಳಿ. ಎಲ್ಲ ವಿದ್ಯಾರ್ಥಿಗಳೂ 9 ಗಂಟೆಗೆ ಒಳಗಿರಬೇಕು ಅಂತ ಒಂದು ಚೀಟಿ. ಕೊನೆ ವರ್ಷದವರಿಗೆ 10 ಗಂಟೆ ಅಂತ ಇನ್ನೊಂದು ಚೀಟಿ. ಕೊನೆ ವರ್ಷದವರೂ ವಿದ್ಯಾರ್ಥಿಗಳೇ, ಎರಡೂ ನಿಯಮ ಅವರಿಗೆ ಹೊಂದುತ್ತೆ. ಆದರೂ ಯಾರಿಗೂ ಗೊಂದಲ ಇಲ್ಲ. ವಿಶೇಷ ನಿಯಮ ಇದ್ದಲ್ಲಿ ಸಾಮಾನ್ಯ ನಿಯಮ ಪಕ್ಕಕ್ಕೆ ಸರಿಯುತ್ತೆ. ಕಂಪೈಲರ್‌ನ ಮೂಲ ಬುದ್ಧಿಯೂ ಇದೇ. ಆದರೆ ಅದು ನಮ್ಮ ವಾರ್ಡನ್‌ಗಿಂತ ಕಟ್ಟುನಿಟ್ಟು, ಹಂತ ಹಂತವಾಗಿ ಹೋಗುತ್ತೆ.

ಮೊದಲು ಆ ಹೆಸರಿನವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತೆ. ಟೆಂಪ್ಲೇಟ್ ಇದ್ದರೆ, ಕೊಟ್ಟ ಆರ್ಗ್ಯುಮೆಂಟ್ ನೋಡಿ ಟಿ ಅಂದರೆ ಇಲ್ಲಿ ಏನು ಅಂತ ಕಂಡುಹಿಡಿದು, ಅದರಿಂದ ಹುಟ್ಟುವ ಫಂಕ್ಷನ್ನನ್ನೂ ಸಾಲಿಗೆ ಸೇರಿಸುತ್ತೆ. ಹೊಂದದವರನ್ನು ಹೊರಗೆ ಕಳಿಸುತ್ತೆ. ಉಳಿದವರಲ್ಲಿ ಟೈಪ್ ಎಷ್ಟು ಹತ್ತಿರ ಅಂತ ನೋಡುತ್ತೆ. ಇದ್ದ ಟೈಪೇ ಸರಿಹೊಂದಿದರೆ ಮೊದಲ ದರ್ಜೆ. ಚಾರ್ ಅನ್ನು ಇಂಟ್ ಮಾಡುವಂಥ ಪ್ರಮೋಷನ್ ಬೇಕಾದರೆ ಎರಡನೇ ದರ್ಜೆ. ಇಂಟ್ ಅನ್ನು ಡಬಲ್ ಮಾಡುವಂಥ ಕನ್ವರ್ಷನ್ ಬೇಕಾದರೆ ಮೂರನೇ ದರ್ಜೆ. ಇಲ್ಲಿ ಸಮ ಆದಾಗ ಮಾತ್ರ ಮುಂದಿನ ಪ್ರಶ್ನೆ: ಒಬ್ಬ ಮಾಮೂಲಿ ಫಂಕ್ಷನ್, ಇನ್ನೊಬ್ಬ ಟೆಂಪ್ಲೇಟ್ ಆದರೆ ಮಾಮೂಲಿ ಫಂಕ್ಷನ್ ಗೆಲ್ಲುತ್ತೆ. ಇಬ್ಬರೂ ಟೆಂಪ್ಲೇಟ್ ಆದರೆ ಹೆಚ್ಚು ನಿರ್ದಿಷ್ಟವಾದದ್ದು ಗೆಲ್ಲುತ್ತೆ.

ಹೆಚ್ಚು ನಿರ್ದಿಷ್ಟ ಅಂತ ಗೊತ್ತಾಗೋದು ಹೇಗೆ? ಒಂದು ಟೆಂಪ್ಲೇಟ್ ಯಾವ ಟೈಪ್ ಆದರೂ ತಗೊಳ್ಳುತ್ತೆ, ಇನ್ನೊಂದು ಯಾವ ಪಾಯಿಂಟರ್ ಆದರೂ ತಗೊಳ್ಳುತ್ತೆ ಅಂದುಕೊಳ್ಳಿ. ಕಂಪೈಲರ್ ಒಂದು ಸುಳ್ಳು ಟೈಪ್ ಹುಟ್ಟಿಸಿ ಪರೀಕ್ಷೆ ಮಾಡುತ್ತೆ. ಎರಡನೆಯದಕ್ಕೆ ಹೊಂದುವ ಪಾಯಿಂಟರ್ ಮೊದಲನೆಯದಕ್ಕೆ ಹೊಂದುತ್ತಾ? ಹೊಂದುತ್ತೆ. ಮೊದಲನೆಯದಕ್ಕೆ ಹೊಂದುವ ಯಾವುದೋ ಟೈಪ್ ಎರಡನೆಯದಕ್ಕೆ ಹೊಂದುತ್ತಾ? ಇಲ್ಲ, ಅದು ಪಾಯಿಂಟರ್ ಆಗಿರಲೇಬೇಕು ಅಂತ ಇಲ್ಲವಲ್ಲ. ಹಾಗಾಗಿ ಪಾಯಿಂಟರಿನದೇ ಹೆಚ್ಚು ನಿರ್ದಿಷ್ಟ. ಕೊನೆ ವರ್ಷದವರೆಲ್ಲ ವಿದ್ಯಾರ್ಥಿಗಳು, ವಿದ್ಯಾರ್ಥಿಗಳೆಲ್ಲ ಕೊನೆ ವರ್ಷದವರಲ್ಲ. ಅಷ್ಟೇ.

ಈಗ ನಾವು ಮುಗ್ಗರಿಸುವ ಜಾಗ. ಒಂದು ಟೆಂಪ್ಲೇಟ್ ಇದೆ, ಪಕ್ಕದಲ್ಲಿ ಲಾಂಗ್ ತಗೊಳ್ಳುವ ಮಾಮೂಲಿ ಫಂಕ್ಷನ್ ಇದೆ. 5 ಕೊಟ್ಟು ಕರೆದರೆ ಯಾವುದು ಬರುತ್ತೆ? ನಿರ್ದಿಷ್ಟವಾದದ್ದೇ ಗೆಲ್ಲುತ್ತೆ ಅಂತ ಲಾಂಗ್ ಅಂದರೆ ತಪ್ಪು. 5 ಅನ್ನೋದು ಇಂಟ್. ಟೆಂಪ್ಲೇಟ್ ತಾನೇ ಇಂಟ್ ಆಗಿ ಕೂತು ಮೊದಲ ದರ್ಜೆ ಪಡೆಯುತ್ತೆ, ಲಾಂಗ್‌ಗೆ ಕನ್ವರ್ಷನ್ ಬೇಕು. ಟೆಂಪ್ಲೇಟ್ ಗೆದ್ದಿತು. ಮಾಮೂಲಿ ಫಂಕ್ಷನ್‌ಗೆ ಮರ್ಯಾದೆ ಸಿಗೋದು ಟೈಪ್ ಸಮ ಆದ ಮೇಲೆ.

ಇನ್ನೊಂದು ಜಾಗ: ಟೆಂಪ್ಲೇಟಿಗೆ ಒಂದು ಟೈಪಿಗೆಂದು ಬರೆದುಕೊಟ್ಟ ಸ್ಪೆಷಲೈಸೇಷನ್. ಅದು ಸಾಲಿನಲ್ಲಿ ನಿಲ್ಲೋದೇ ಇಲ್ಲ. ಮೊದಲು ಅದರ ಮೂಲ ಟೆಂಪ್ಲೇಟ್ ಗೆಲ್ಲಬೇಕು, ಆಮೇಲೆ ಅದರ ಸರದಿ. ಮೂಲವೇ ಸೋತರೆ ಅದರ ಮುಖ ಯಾರೂ ನೋಡಲ್ಲ. ಸ್ಪೆಷಲೈಸೇಷನ್ ಬರೆದರೂ ಕರೆಯುತ್ತಿಲ್ಲ ಅಂತ ಲ್ಯಾಬಿನಲ್ಲಿ ತಲೆ ಕೆಡಿಸಿಕೊಂಡವರಿಗೆ ಉತ್ತರ ಬಹಳ ಸಲ ಇಲ್ಲೇ ಇರುತ್ತೆ. ಅಂಥ ಕಡೆ ಸ್ಪೆಷಲೈಸೇಷನ್ ಬಿಟ್ಟು ಮಾಮೂಲಿ ಫಂಕ್ಷನ್ ಬರೆದರೆ ಕೆಲಸ ಸಲೀಸು.

ಇನ್ನು ತೀರ್ಮಾನ ಆಗದೇ ಹೋದರೆ? ಒಬ್ಬ ಇಂಟ್ ಮತ್ತು ಡಬಲ್ ತಗೊಳ್ಳುತ್ತಾನೆ, ಇನ್ನೊಬ್ಬ ಡಬಲ್ ಮತ್ತು ಇಂಟ್ ತಗೊಳ್ಳುತ್ತಾನೆ, ನಾವು ಎರಡೂ ಇಂಟ್ ಕೊಟ್ಟೆವು. ಮೊದಲನೆಯದರಲ್ಲಿ ಇವನು ಹತ್ತಿರ, ಎರಡನೆಯದರಲ್ಲಿ ಅವನು ಹತ್ತಿರ. ಕಂಪೈಲರ್ ನಾಣ್ಯ ಚಿಮ್ಮಲ್ಲ, ಆಂಬಿಗ್ಯುಯಸ್ ಅಂತ ಹೇಳಿ ಕೈ ತೊಳೆದುಕೊಳ್ಳುತ್ತೆ. ಊಹೆ ಮಾಡಿ ತಪ್ಪಾಗಿ ಓಡುವುದಕ್ಕಿಂತ ನಿಲ್ಲೋದು ಮೇಲು.

ಕೊನೆಯ ವರ್ಷಗಳು

1969ರಲ್ಲಿ ಡೇನಾ ಸ್ಕಾಟ್ ಎಂಬ ತರ್ಕಶಾಸ್ತ್ರಜ್ಞರು ಆಕ್ಸ್‌ಫರ್ಡ್‌ಗೆ ಬಂದರು. ಪ್ರೋಗ್ರಾಂ ಅಂದರೆ ನಿಜವಾಗಿ ಏನರ್ಥ ಅನ್ನೋದನ್ನ ಗಣಿತದಲ್ಲಿ ಹೇಳಬೇಕು ಅಂತ ಸ್ಟ್ರೇಚಿ ವರ್ಷಗಟ್ಟಲೆ ಹೆಣಗುತ್ತಿದ್ದರು. ಅವರ ಐಡಿಯಾಗಳಿಗೆ ಗಟ್ಟಿ ಅಡಿಪಾಯ ಹಾಕಿಕೊಟ್ಟವರು ಸ್ಕಾಟ್. ಡಿನೋಟೇಷನಲ್ ಸೆಮ್ಯಾಂಟಿಕ್ಸ್ ಎಂಬ ವಿಷಯ ಈ ಜೋಡಿಯದು. 1971ರಲ್ಲಿ ಆಕ್ಸ್‌ಫರ್ಡ್ ಅವರನ್ನು ಪ್ರೊಫೆಸರ್ ಮಾಡಿತು. ಸೆಕೆಂಡ್ ಕ್ಲಾಸ್ ಹುಡುಗ 54ನೇ ವಯಸ್ಸಿನಲ್ಲಿ ಪ್ರೊಫೆಸರ್.

1974ರಲ್ಲಿ ರಾಬರ್ಟ್ ಮಿಲ್ನ್ ಜೊತೆ ಸೇರಿ ಆಡಮ್ಸ್ ಬಹುಮಾನಕ್ಕೆಂದು ದೊಡ್ಡ ಪ್ರಬಂಧ ಬರೆದರು. ಬಹುಮಾನ ಬರಲಿಲ್ಲ. ಅದನ್ನು ಪುಸ್ತಕ ಮಾಡುವ ಕೆಲಸ ನಡೆದಿತ್ತು. ಅಷ್ಟರಲ್ಲಿ ಕಾಮಾಲೆ ಅಂತ ಮಲಗಿದರು, ಹೆಪಟೈಟಿಸ್ ಆಗಿತ್ತು. 1975ರ ಮೇ 18ರಂದು ತೀರಿಕೊಂಡರು. 58 ವರ್ಷ. ಮರುವರ್ಷ ಮಿಲ್ನ್ ಒಬ್ಬರೇ ನಿಂತು ಆ ಪುಸ್ತಕವನ್ನು ಇಬ್ಬರ ಹೆಸರಿನಲ್ಲೂ ಹೊರತಂದರು.

ಕೋಪನ್‌ಹೇಗನ್ ಪಾಠದ ಪಾಡೂ ಹೀಗೆಯೇ. ಆ ಬೇಸಿಗೆ ಶಾಲೆಯ ಪುಸ್ತಕ ಅಚ್ಚಾಗಲೇ ಇಲ್ಲ. ಆ ನೋಟ್ಸು ಒಬ್ಬರ ಕೈಯಿಂದ ಒಬ್ಬರ ಕೈಗೆ ಪ್ರತಿಯಾಗುತ್ತಾ, ನಮ್ಮ ಸೀನಿಯರ್ಸ್ ನೋಟ್ಸಿನ ಜೆರಾಕ್ಸ್ ಥರ, ಸುತ್ತಿತು. ಅಚ್ಚಾದದ್ದು 2000ದಲ್ಲಿ, ಪಾಠ ಮಾಡಿ 33 ವರ್ಷ ಆದ ಮೇಲೆ. ಅಷ್ಟರಲ್ಲಿ ಆ ಪದಗಳು ಎಲ್ಲ ಕಡೆ ಹರಡಿಬಿಟ್ಟಿದ್ದವು. 1989ರಲ್ಲಿ ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ ಹ್ಯಾಸ್ಕೆಲ್ ಭಾಷೆಯ ಟೈಪ್ ಕ್ಲಾಸ್ ಬಗ್ಗೆ ಬರೆದ ಪೇಪರಿನ ಶೀರ್ಷಿಕೆಯಲ್ಲೇ ಸ್ಟ್ರೇಚಿಯವರ ಅಡ್‌ಹಾಕ್ ಇತ್ತು.

ಬರೆದು ಮುಗಿಸುವ ಮುಂಚೆ ನಾವು ಕ್ಲಬ್ಬಿನವರೆಲ್ಲ ಕೂತು ಒಂದು ಲೆಕ್ಕ ಹಾಕಿದೆವು. ಅವರ ಭಾಷೆ ಮುಗಿಯಲಿಲ್ಲ, ಪಾಠ ಅಚ್ಚಾಗಲಿಲ್ಲ, ಕೊನೆಯ ಪುಸ್ತಕ ಅವರ ಕಣ್ಣಿಗೆ ಬೀಳಲಿಲ್ಲ, ಡಿಗ್ರಿ ಮಾರ್ಕ್ಸಂತೂ ಹೇಳಿಕೊಳ್ಳುವ ಹಾಗಿರಲಿಲ್ಲ. ರೆಸ್ಯೂಮೆ ಮಾಡಿ ಪ್ಲೇಸ್‌ಮೆಂಟಿಗೆ ಕಳಿಸಿದ್ದರೆ ಕಟ್‌ಆಫ್ ದಾಟುತ್ತಿರಲಿಲ್ಲ. ಈ ಸೆಮ್‌ನಲ್ಲಿ ಬ್ಯಾಕ್ ಉಳಿಸಿಕೊಂಡು ರೂಮಿನ ಬಾಗಿಲು ಹಾಕಿ ಕೂತಿರುವ ಸ್ನೇಹಿತರು ನಮ್ಮ ನಡುವೆ ಇದ್ದಾರೆ ಅಂತ ನಮಗೆ ಗೊತ್ತು. ಅವರಿಗೆ ಉಪದೇಶ ಏನೂ ಇಲ್ಲ. ಬಾಗಿಲು ತಟ್ಟಿ ಟೀ ಕುಡಿಯೋಕೆ ಕರೀತೀವಿ, ಬನ್ನಿ. ಹಾಗೇ ಮುಂದಿನ ಸಲ ಲ್ಯಾಬಿನಲ್ಲಿ ಎಲ್‌ವ್ಯಾಲ್ಯೂ ಎರರ್ ಬಂದಾಗ, ಅದು ಮನಸ್ಸು ಕುಸಿದು ಒಂದು ಸಲ ಓದು ನಿಲ್ಲಿಸಿದ್ದ ಒಬ್ಬ ಮೇಷ್ಟ್ರು ಕೊಟ್ಟ ಪದ ಅನ್ನೋದು ನೆನಪಿರಲಿ.